ಹದಿನಾರು ಬಣ್ಣದ ನಾಲ್ಕು ದಿನ

ಕಳೆದ ಭಾನುವಾರ ನನ್ನ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿದೆ. ಮತ್ತೆ ಚಾಲೂ ಆದಾಗ ಪರದೆಯ ಮೇಲಿನ ಅಕ್ಷರಗಳೆಲ್ಲ ಹಲ್ಲುನೋವಿನವರ ಕೆನ್ನೆಯ ಹಾಗೆ ಊದಿಕೊಂಡಿದ್ದವು. ಒಳಗೆ ಯಾವ ಯಾವ ಭಾಗಗಳಿವೆ ಎಂದು ತೋರಿಸುವ ಪಟ್ಟಿ ತೆರೆದರೆ ಅಲ್ಲಿ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಹೆಸರೇ ಇಲ್ಲ. ಕಾರ್ಡು ಎಲ್ಲಿಗೂ ಹೋಗಿರುವುದಿಲ್ಲ, ಇದ್ದಲ್ಲೇ ಇರುತ್ತದೆ. ಹೊಸದಾಗಿ ಬಂದ ವ್ಯವಸ್ಥೆಗೆ ಅದರ ಪರಿಚಯವಿರುವುದಿಲ್ಲ, ಅಷ್ಟೆ. ಪರಿಚಯ ಮಾಡಿಸಿಕೊಡುವ ಕಡತಕ್ಕೆ ಡ್ರೈವರ್ ಎನ್ನುತ್ತಾರೆ. ಈಗ ಅದನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಲು ಚಹಾ ಕುದಿಯುವಷ್ಟು ಹೊತ್ತು ಸಾಕು. ನಾನೂ ಚಹಾಕ್ಕೆ ಇಟ್ಟೆ. ಆದರೆ ಆ ಊದಿದ ಅಕ್ಷರಗಳನ್ನು ನೋಡುತ್ತ ಕುಳಿತವಳಿಗೆ ಶಹಾಪುರದ ಒಂದು ಮನೆ ನೆನಪಾಗಿ, ಚಹಾ ಉಕ್ಕಿ ಒಲೆಯೆಲ್ಲ ಹರಿಯಿತು.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಾನಾಗ ಬೆಳಗಾವಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಉಳಿದ ವೇಳೆಯಲ್ಲಿ ಯಾರದಾದರೂ ಕಂಪ್ಯೂಟರ್ ಕೆಟ್ಟರೆ ಮನೆಗೇ ಹೋಗಿ ರಿಪೇರಿ ಮಾಡುತ್ತಿದ್ದೆ. ಬಾಗಿಲು ತೆರೆದವರು ಮೊದಲು ನನ್ನನ್ನು ನೋಡಿ, ಆಮೇಲೆ ನನ್ನ ಹಿಂದೆ ಇನ್ನೊಬ್ಬರು ಬರುತ್ತಿದ್ದಾರೇನೋ ಎಂದು ರಸ್ತೆಯನ್ನು ನೋಡುತ್ತಿದ್ದರು. ಯಾರೂ ಬರದಿದ್ದಾಗ “ನೀವ ಮಾಡ್ತೀರೇನ್ರಿ?” ಎಂದು ಕೇಳುತ್ತಿದ್ದರು. ಈ ಪ್ರಶ್ನೆಗೆ ಉತ್ತರವೆಂದು ನಾನೊಂದು ಗತ್ತು ರೂಢಿಸಿಕೊಂಡಿದ್ದೆ. ಹೆಚ್ಚು ಮಾತಾಡಬಾರದು, ಏನನ್ನೂ ಬರೆದುಕೊಳ್ಳಬಾರದು, ಎಲ್ಲ ತಲೆಯಲ್ಲೇ ಇದೆ ಎಂಬಂತೆ ಬೆರಳಾಡಿಸಬೇಕು. ಇಪ್ಪತ್ತಮೂರರ ವಯಸ್ಸು. ತಲೆಯಲ್ಲಿ ಇದ್ದದ್ದಕ್ಕಿಂತ ಗತ್ತೇ ಜಾಸ್ತಿ ಇತ್ತು.

ಬೆಳಗಾವಿಯದೇ ನೇಕಾರರ ಬಡಾವಣೆಯಾದ ಶಹಾಪುರದಿಂದ ನನ್ನನ್ನು ಕರೆಸಿದವರು ಚನಮಲ್ಲಪ್ಪ ಮಾಸ್ತರರು. ಹೆಸರು ನಾನು ಬದಲಿಸಿದ್ದೇನೆ. ಅವರು ಸಾಲಿ ಮಾಸ್ತರರಲ್ಲ. ಸೀರೆಯ ಅಂಚು, ಸೆರಗುಗಳ ನಕ್ಷೆ ಬರೆಯುವವರು. ಚೌಕುಳಿ ಚೌಕುಳಿಯ ಗ್ರಾಫ್ ಕಾಗದದ ಮೇಲೆ ಮೂವತ್ತು ವರ್ಷ ಬರೆದು ಬರೆದು ಅವರ ಬಲಗೈಯ ನಡುಬೆರಳಿನಲ್ಲಿ ಕಡಲೆಯಷ್ಟು ಗಂಟು ಬಿದ್ದಿತ್ತು. ಅವರ ಕೈಯ ಸೀರೆಯಲ್ಲಿ ಬಣ್ಣಗಳು ಜಗಳಾಡುವುದಿಲ್ಲ ಎಂದು ಓಣಿಯವರು ಹೇಳುತ್ತಿದ್ದರು. ಮುಂಬೈಯ ಸೀರೆ ವ್ಯಾಪಾರಿಯೊಬ್ಬರು ಅವರಿಗೆ ಒಂದು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟಿದ್ದರು. ಐವತ್ತೈದು ದಾಟಿದ ಮನುಷ್ಯ ಅದನ್ನು ತಾವೇ ಕಲಿತು ಅದರಲ್ಲೇ ನಕ್ಷೆ ಬರೆಯುತ್ತಿದ್ದರು.

ನಾನು ಹೋದ ಮಂಗಳವಾರ ಅದು ಗಳಿಗೆಗೊಮ್ಮೆ ನಿಂತುಹೋಗುತ್ತಿತ್ತು. ಪಕ್ಕದ ಮನೆಗಳ ಮಗ್ಗದ ಸದ್ದಿಗೆ ಗೋಡೆಯೇ ನಡುಗುತ್ತಿದ್ದುದರಿಂದ ಮಾತನ್ನು ಎರಡೆರಡು ಸಲ ಆಡಬೇಕಾಗಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕದಲ್ಲೊಂದು ನೂರು ಪುಟದ ವಹಿ. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಬಣ್ಣಗಳ ಹೆಸರು: ಕುಂಕುಮ, ದಾಳಿಂಬರಿ, ಗಿಳಿಹಸರು, ಬದನಿಕಾಯಿ. ಒಂದೊಂದರ ಮುಂದೆಯೂ ಮೂರು ಮೂರು ಅಂಕಿ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಬೆರೆತರೆ ಆ ಬಣ್ಣ ಆಗುತ್ತದೆ ಎಂಬ ಲೆಕ್ಕ. ಕಂಪ್ಯೂಟರಿಗೆ ಬಣ್ಣ ಅರ್ಥವಾಗುವುದು ಹಾಗೆಯೇ. ಇಷ್ಟು ಶಿಸ್ತು ನನ್ನ ವಿದ್ಯಾರ್ಥಿಗಳಿಗೆ ಇದ್ದರೆ ಎಂದುಕೊಂಡೆ.

“ವೈರಸ್ ಬಂದೈತ್ರಿ. ಎಲ್ಲಾ ಅಳಿಸಿ ಹೊಸದು ಹಾಕಬೇಕು,” ಅಂದೆ.

“ನಕ್ಷಾ ಹೋಗಬಾರದ ನೋಡ್ರಿ ಅಕ್ಕಾರ. ಶನಿವಾರ ವ್ಯಾಪಾರಿಗಳು ಬರಾವ್ರು ಅದಾರ,” ಅಂದರು.

ನಕ್ಷೆಗಳನ್ನು ಫ್ಲಾಪಿಗಳಿಗೆ ತುಂಬಿಕೊಂಡು, ಉಳಿದದ್ದನ್ನು ಅಳಿಸಿದೆ. ಅಳಿಸುವ ಮೊದಲು ಒಳಗೆ ಯಾವ ಕಾರ್ಡಿದೆ ಎಂದು ಒಂದು ಚೀಟಿಯ ಮೇಲೆ ಬರೆದುಕೊಳ್ಳಬೇಕಿತ್ತು. ಬರೆದುಕೊಳ್ಳುವುದು ನನ್ನ ಗತ್ತಿಗೆ ಕಡಿಮೆಯಲ್ಲವೆ? ಎರಡು ತಾಸಿನ ಮೇಲೆ ಯಂತ್ರ ಎದ್ದು ಕುಳಿತಾಗ ಅಕ್ಷರಗಳು ಹಲಗೆಯಷ್ಟು ದಪ್ಪ, ಬಣ್ಣಗಳು ಬರೀ ಹದಿನಾರು. ಕಾರ್ಡು ಇರಬೇಕಾದ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ. ನನ್ನ ಚೀಲದಲ್ಲಿದ್ದ ಡ್ರೈವರ್ ಸಿಡಿಗಳನ್ನೆಲ್ಲ ಒಂದೊಂದಾಗಿ ತೋರಿಸಿದೆ. ಯಾವುದಕ್ಕೂ ಅದು ಹೂಂ ಅನ್ನಲಿಲ್ಲ. ನಕ್ಷೆ ಬರೆಯುವ ಪ್ರೋಗ್ರಾಮನ್ನೂ ಫ್ಲಾಪಿಯ ನಕ್ಷೆಗಳನ್ನೂ ವಾಪಸು ತುಂಬಿದೆ. “ಸಣ್ಣ ಕೆಲಸ ಒಂದ ಉಳದೈತ್ರಿ, ಗುರುವಾರ ಬರ್ತೀನಿ,” ಎಂದು ಹೇಳಿ ಎದ್ದೆ. ಕೆಲಸ ಸಣ್ಣದಲ್ಲ ಎಂಬುದು ನನಗೆ ಗೊತ್ತಿತ್ತು. ಬುಧವಾರವಿಡೀ ಗೊತ್ತಿದ್ದವರನ್ನೆಲ್ಲ ಕೇಳಿದೆ, ಸೈಬರ್ ಕೆಫೆಯಲ್ಲಿ ಕೂತು ಹುಡುಕಿದೆ. ಲ್ಯಾಪ್‌ಟಾಪುಗಳೇ ಅಪರೂಪವಾಗಿದ್ದ ಕಾಲ. ಅದರ ಜೊತೆಗೆ ಬರುವ ಸಿಡಿಯೇ ಬೇಕು, ಬೇರೆ ದಾರಿಯಿಲ್ಲ ಎಂದರು.

ಗುರುವಾರ ತಲೆತಗ್ಗಿಸಿಕೊಂಡು ಹೋದೆ. ಮಾಸ್ತರರು ಉಮೇದಿಯಿಂದ ಕೆಲಸ ಮಾಡುತ್ತಿದ್ದರು.

“ಬರ್ರಿ, ಕುಂದರ್ರಿ. ಅಕ್ಷರ ದಪ್ಪ ಆಗಿ ಕಣ್ಣಿಗೆ ಚಲೋನ ಆತು. ನಕ್ಷಾನೂ ಮುಗೀತು, ನೋಡ್ರಿ.”

ನೋಡಿದೆ. ಹೂವಿನ ಸಾಲು, ನವಿಲು, ಗೋಪುರ ಎಲ್ಲ ಇದ್ದಲ್ಲೇ ಇದ್ದವು. ಆದರೆ ದಾಳಿಂಬೆ ಬಣ್ಣದ ಮೈ ಸೆಗಣಿಯ ಬಣ್ಣಕ್ಕೆ ತಿರುಗಿತ್ತು. ಗಿಳಿಹಸಿರಿನ ಅಂಚೂ ಹೆಚ್ಚೂಕಡಿಮೆ ಅದೇ ಆಗಿತ್ತು. ಅವರು ಅದರ ಮುಂದೆ, ಮಗುವಿಗೆ ಅಂಗಿ ತೊಡಿಸಿ ನಿಲ್ಲಿಸಿದವರ ಹಾಗೆ ಕೂತಿದ್ದರು.

“ಬಣ್ಣ ಹೋಗ್ಯಾವಲ್ರೀ ಮಾಸ್ತರ,” ಅಂದೆ.

“ಎಲ್ಲೆ ಹೋಗ್ಯಾವು? ಅಂಕಿ ಅವ ಹಾಕೀನಿ.”

ನಾನು ಅವರ ಮುಖ ನೋಡಿದೆ. ಅವರು ಪರದೆ ನೋಡಿದರು, ಆಮೇಲೆ ವಹಿ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನೂಲಿನ ಲಡಿ ಬಿಡಿಸುತ್ತ ಕುಳಿತಿದ್ದ ಅವರ ಹೆಂಡತಿ ಕಾಶವ್ವ ಗಂಡನಿಗೆ ಮೆಲ್ಲಗೆ ಹೇಳಿದರು: “ಹೋಗ್ಯಾವ್ರಿ. ಮಂಗಳವಾರನ ಹೋಗ್ಯಾವು. ನೀವು ಕೇಳಲಿಲ್ಲ, ನಾ ಹೇಳಲಿಲ್ಲ.”

ಮಾಸ್ತರರು ವಹಿ ಮುಚ್ಚಿಟ್ಟರು. ನನ್ನ ಕಡೆ ತಿರುಗದೆಯೇ, “ಅಕ್ಕಾರ, ಈ ಮಾತು ಈ ಹೊಸ್ತಿಲಾ ದಾಟಬಾರದು,” ಅಂದರು.

ಆಗ ನನಗೆ ತಿಳಿಯಿತು. ಶಹಾಪುರವೇ ಹೊಗಳುವ ಬಣ್ಣಗಾರನಿಗೆ ಕೆಂಪು ಹಸಿರುಗಳ ನಡುವಿನ ಭೇದ ಕಾಣುತ್ತಿರಲಿಲ್ಲ.

ಇದೇ ಪರದೆಯನ್ನು ಶನಿವಾರ ವ್ಯಾಪಾರಿಗೆ ತೋರಿಸಿದ್ದರೆ ಏನಾಗುತ್ತಿತ್ತು? ತಪ್ಪು ನನ್ನದು, ಮಾನ ಹೋಗುವುದು ಅವರದು. ಯಂತ್ರದ ಜೊತೆಗೆ ಬಂದ ಸಿಡಿ ಇದೆಯೇ ಎಂದು ಕೇಳಿದೆ, ಇಲ್ಲವೆಂದರು. ಅದೇ ವ್ಯಾಪಾರಿ ಇಂಥದೇ ಇನ್ನೊಂದು ಲ್ಯಾಪ್‌ಟಾಪನ್ನು ಖಾನಾಪುರದ ಹಂಚಿನ ಕಾರ್ಖಾನೆಯ ಬಾಳಾಸಾಹೇಬರಿಗೆ ಕೊಟ್ಟಿದ್ದಾರೆಂದು ಕಾಶವ್ವನೇ ನೆನಪು ಮಾಡಿದರು. ಆ ಮನೆಯ ಹೆಣ್ಣುಮಕ್ಕಳು ಇವರಲ್ಲಿಗೆ ಸೀರೆಗೆ ಬರುತ್ತಿದ್ದರಂತೆ. “ನಾಳೆ ನಾನೂ ನಿನ್ನ ಕೂಡ ಬರ್ತೀನಿ ತಂಗಿ. ನೀ ಒಬ್ಬಾಕಿನ ಹೋದ್ರ ಅವರು ಯಾರಂತ ಕೊಡ್ತಾರ?” ಅಂದರು.

ಶುಕ್ರವಾರ ಬೆಳಿಗ್ಗೆ ರೈಲು ಹತ್ತಿದೆವು. ಬೆಳಗಾವಿಯಿಂದ ಖಾನಾಪುರಕ್ಕೆ ಮುಕ್ಕಾಲು ತಾಸಿನ ದಾರಿ. ಮಳೆ ಹಿಂದಾಗಿ ಭತ್ತ ಹಳದಿಗೆ ತಿರುಗುತ್ತಿದ್ದ ದಿನಗಳು. ದೇಸೂರು ದಾಟುವವರೆಗೆ ಕಾಶವ್ವ ಕಿಟಕಿಯ ಹೊರಗೇ ನೋಡುತ್ತಿದ್ದರು. ಆಮೇಲೆ ನಾನು ಕೇಳದಿದ್ದರೂ ಮಾತು ತೆಗೆದರು.

“ಮದುವಿ ಆಗಿ ತಿಂಗಳಾಗಿತ್ತು. ಕೆಂಪ ಲಡಿ ತಾ ಅಂದ್ರು. ತಂದಕೊಟ್ಟೆ. ಇದು ಹಸರ ಐತಿ ಅಂತ ಬೈದ್ರು. ನಾ ಚಾಷ್ಟಿ ಅಂತ ತಿಳದು ನಕ್ಕೆ. ಎರಡು ದಿನ ಊಟಾ ಮಾಡಲಿಲ್ಲ ನೋಡು.”

“ಆಮ್ಯಾಲ?”

“ಆಮ್ಯಾಲೇನು. ಕೆಂಪ ಲಡಿಗೆ ಒಂದು ಗಂಟು, ಹಸರಿಗೆ ಎರಡು ಗಂಟು ಹಾಕಿಡಾಕ ಹತ್ತಿದೆ. ಬಾಯಿಬಿಟ್ಟು ಹೇಳಿದ್ರ ಅವರಿಗೆ ಸಿಟ್ಟು, ಗಂಟಿಗೆ ಸಿಟ್ಟಿಲ್ಲ. ಬರಬರ್ತಾ ಅವರ ಕರ್ಯಾಕ ಶುರು ಮಾಡಿದ್ರು. ‘ಕಾಶಿ, ಇದೇನು ನೋಡು. ಕಾಶಿ, ಇದರ ಬಾಜೂಕ ಯಾವದು ಕುಂದ್ರತೈತಿ?’ ರೊಟ್ಟಿ ಹಂಚಿನ ಮ್ಯಾಲ ಬಿಟ್ಟು ಓಡಿ ಹೋಗ್ತಿದ್ದೆ. ಮೂವತ್ತು ವರ್ಷ ನಮ್ಮ ಮನ್ಯಾಗ ರೊಟ್ಟಿ ಹೊತ್ತಾವು.”

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, “ಈಗ ಹೊತ್ತೂದಿಲ್ಲ,” ಅಂದರು. “ಆ ಕಂಪ್ಯೂಟರ ಡಬ್ಬಿ ಬಂದ ಮ್ಯಾಲ ನನ್ನ ಕೂಡ್ರಿಸಿಕೊಂಡು ಎಲ್ಲಾ ಬಣ್ಣದ ಅಂಕಿ ವಹಿಯೊಳಗ ಬರಕೊಂಡ್ರು. ಹದಿನೈದು ದಿನ ಹಿಡೀತು. ಅವತ್ತಿನಿಂದ ಕರಿಯಾಂಗಿಲ್ಲ. ವಹಿ ತಗೀತಾರ, ಅಂಕಿ ಹಾಕ್ತಾರ. ಅವರಿಗೆ ಚಲೋನ ಆತು. ಯಾರನ್ನೂ ಕೇಳೂ ಹಂಗಿಲ್ಲ ನೋಡು.”

ಕಂಪ್ಯೂಟರ್ ಮನುಷ್ಯರ ಕಷ್ಟ ಹಗುರ ಮಾಡುತ್ತದೆ ಎಂದು ನಾನು ದಿನವೂ ಮೂರು ಬ್ಯಾಚಿಗೆ ಪಾಠ ಹೇಳುತ್ತಿದ್ದವಳು. ಹಗುರವಾದ ಕೈ ಆಮೇಲೆ ಏನು ಮಾಡಬೇಕು ಎಂಬುದು ನಮ್ಮ ಪಾಠದಲ್ಲಿ ಇರಲಿಲ್ಲ. ಮಂಗಳವಾರದಿಂದ ಬಣ್ಣ ಹೋದದ್ದನ್ನು ನೋಡಿಯೂ ಈ ಹೆಂಗಸು ಏಕೆ ಸುಮ್ಮನಿದ್ದರು ಎಂಬುದು ಈಗ ಸ್ವಲ್ಪ ಅರ್ಥವಾಯಿತು. ಕರೆಯುತ್ತಾರೇನೋ ಎಂದು ಮೂರು ದಿನ ಕಾದಿದ್ದರು.

ಬಾಳಾಸಾಹೇಬರು ಒಳ್ಳೆಯ ಮನುಷ್ಯ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದರು. ಸಿಡಿ ಎಂದ ಕೂಡಲೇ “ಆಹೇ, ಆಹೇ, ಐತಿ” ಎಂದು ನೇರ ದೇವರ ಕೋಣೆಗೆ ಹೋದರು. ಖಂಡೇನವಮಿಯ ಆಯುಧಪೂಜೆಯ ದಿನ ಕಾರ್ಖಾನೆಯ ಯಂತ್ರಗಳ ಜೊತೆಗೆ ಲ್ಯಾಪ್‌ಟಾಪನ್ನೂ ಸಿಡಿಯನ್ನೂ ಪೂಜೆಗಿಟ್ಟಿದ್ದರಂತೆ. ಲ್ಯಾಪ್‌ಟಾಪನ್ನು ತೆಗೆದುಕೊಂಡಿದ್ದರು, ಸಿಡಿ ಅಲ್ಲೇ ಉಳಿದಿತ್ತು. ಅದರ ಹೊಳೆಯುವ ಮೈಮೇಲೆ ಅರಿಷಿಣ, ಕುಂಕುಮದ ಐದು ಬೆರಳಿನ ಗುರುತು.

“ದೇವರದು, ಅಳಿಸಿದ್ರ ನಡೀತೈತೇನ್ರಿ?” ಎಂದು ನಾನು ಕೇಳಿದೆ.

“ಅಳಿಸ್ರಿ, ಅಳಿಸ್ರಿ. ದೇವರ ಕೆಲಸ ಮುಗದೈತಿ,” ಅಂದರು.

ಕಾಶವ್ವ ತಮ್ಮ ಸೀರೆಯ ಸೆರಗನ್ನು ಒದ್ದೆ ಮಾಡಿ ನಾನು ಹೇಳಿಕೊಟ್ಟಂತೆ ನಡುವಿನಿಂದ ಅಂಚಿನ ಕಡೆಗೆ ನಿಧಾನ ಒರೆಸಿದರು. ಆ ಕೈಗೆ ನಾಜೂಕು ಹೇಳಿಕೊಡಬೇಕಾಗಿರಲಿಲ್ಲ. ಊಟ ಮಾಡದೆ ಬಿಡುವುದಿಲ್ಲ ಎಂದು ಆ ಮನೆಯವರು ಕೂರಿಸಿದರು. ಹೊರಟಾಗ ಮೂರು ಗಂಟೆ.

ಹಿಂದಿರುಗುವ ರೈಲಿನಲ್ಲಿ ಸಿಡಿ ಕಾಶವ್ವನ ತೊಡೆಯ ಮೇಲಿತ್ತು. ಅದನ್ನು ಬೆಳಕಿಗೆ ಹಿಡಿದು, ಅದರಲ್ಲಿ ಮೂಡುವ ಕಾಮನಬಿಲ್ಲನ್ನು ಅತ್ತಿತ್ತ ಹೊರಳಿಸಿ ನೋಡಿದರು.

“ಇದು ಹಾಕಿದ್ರ ಮೊದಲಿನಂಗ ಆಗತೈತೇನು?”

“ಆಗತೈತ್ರಿ ಕಾಕೂ.”

ಸಿಡಿ ಸರಿಯಿಲ್ಲವೆಂದು ನಾನು ಹೇಳಿಬಿಡಬಹುದು ಎಂಬ ಯೋಚನೆ ಒಂದು ಕ್ಷಣ ಬಂದುಹೋಯಿತು. ನನ್ನ ಮುಖದಲ್ಲಿ ಅದು ಕಂಡಿತೋ ಏನೋ, ಅವರು ಸಿಡಿಯನ್ನು ನನ್ನ ಚೀಲದಲ್ಲಿ ತಾವೇ ಇಟ್ಟು, “ಹಾಕು ತಂಗಿ. ಹತ್ತು ಮಂದಿಯೊಳಗ ಅವರ ಮಾರಿ ಸಣ್ಣದಾಗಬಾರದು,” ಅಂದರು.

ಸಂಜೆ ಸಿಡಿ ಹಾಕಿದೆ. ಎರಡು ಸಲ ಮುನಿಸಿಕೊಂಡು ಮೂರನೆಯ ಸಲಕ್ಕೆ ಕಾರ್ಡಿನ ಹೆಸರು ಪಟ್ಟಿಯಲ್ಲಿ ಮೂಡಿತು. ಅಕ್ಷರಗಳು ಸಣ್ಣದಾದವು. ಗುರುವಾರ ಮುಗಿಸಿದ್ದ ನಕ್ಷೆ ತೆರೆದಾಗ ದಾಳಿಂಬೆ ಬಣ್ಣ ಪರದೆ ತುಂಬ ಹರಡಿತು. ಮಾಸ್ತರರು ವಹಿಯ ಮೇಲೆ ಕೈ ಇಟ್ಟರು, ಅದನ್ನು ತೆರೆಯಲಿಲ್ಲ. ನಾನಿದ್ದೇನೆ ಎಂಬ ಸಂಕೋಚ ಇತ್ತೋ ಇಲ್ಲವೋ, ಅಡುಗೆಮನೆಯ ಕಡೆ ಕತ್ತು ತಿರುಗಿಸಿ, “ಕಾಶಿ, ಬಂದಾವೇನು ನೋಡು,” ಅಂದರು.

ಕಾಶವ್ವ ಓಡಿಬರಲಿಲ್ಲ. ಕೈ ತೊಳೆದು, ಒರೆಸಿಕೊಂಡು ಬಂದು, ಅವರ ಹೆಗಲ ಹಿಂದೆ ನಿಂತು ಬಹಳ ಹೊತ್ತು ನೋಡಿದರು.

“ಬಂದಾವು. ಅಂಚಿನ ಹಸರ ಒಂದೀಟು ಹೆಚ್ಚಾಗೇತಿ.”

“ಅಂಕಿ ಅದ ಐತಲ್ಲ?”

“ಅಂಕಿ ಇರವಲ್ದ್ಯಾಕ. ದಾಳಿಂಬರಿ ಮಗ್ಗಲಕ ಅಷ್ಟು ಹಸರು ಒದರ್ತೈತಿ. ಇಳಸ್ರಿ.”

ಅವರು ಇಳಿಸಿದರು. ಇನ್ನೂ, ಅಂದರು ಕಾಶವ್ವ. ಇನ್ನೂ ಇಳಿಸಿದರು. ನಾನು ಹೇಳದೆ ಎದ್ದು ಬಂದೆ. ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

ಕಥೆಯಾಗಿದ್ದರೆ ಕಾಶವ್ವನ ಹಸಿರನ್ನು ನೋಡಿ ವ್ಯಾಪಾರಿ ಬೆರಗಾಗಬೇಕಿತ್ತು. ಆದರೆ ಶನಿವಾರ ಬಂದವರು ಮೊದಲಿನ ಒದರುವ, ಕಣ್ಣಿಗೆ ರಾಚುವ ಹಸಿರನ್ನೇ ಒಪ್ಪಿಕೊಂಡರಂತೆ. ಮಂದಿಗೆ ಅದೇ ಬೇಕು ಎಂದರಂತೆ. ಇಳಿಸಿದ ಹಸಿರಿನಲ್ಲಿ ಮಾಸ್ತರರು ತಮ್ಮ ಸಲುವಾಗಿ ಒಂದೇ ಒಂದು ಸೀರೆ ನೇಯಿಸಿದರು. ಅದನ್ನು ಉಟ್ಟುಕೊಂಡು ಕಾಶವ್ವ ನನ್ನ ಮದುವೆಗೆ ಬಂದಿದ್ದರು. ಯಾರೋ ಸೀರೆಯನ್ನು ಹೊಗಳಿದಾಗ ಮಾಸ್ತರರು, “ಬಣ್ಣ ಆಕೀದ್ರಿ. ನನಗ ಬಣ್ಣ ಕಾಣೂದಿಲ್ಲ,” ಎಂದು ಮಂಟಪದ ಮುಂದೆ ಹತ್ತು ಮಂದಿಯ ಎದುರು ಹೇಳಿಬಿಟ್ಟರು. ಯಾರೂ ನಂಬಲಿಲ್ಲ. ಹೊಸ್ತಿಲು ದಾಟಬಾರದ ಮಾತನ್ನು ಅವರೇ ದಾಟಿಸಿದ್ದರಿಂದ ಇವತ್ತು ನಾನು ಬರೆಯುತ್ತಿದ್ದೇನೆ.

ಭಾನುವಾರ ಒಲೆ ಒರೆಸಿ ಬರುವಷ್ಟರಲ್ಲಿ ನನ್ನ ಲ್ಯಾಪ್‌ಟಾಪ್ ತಾನೇ ಕಾರ್ಡನ್ನು ಗುರುತಿಸಿಕೊಂಡು ತೆಳ್ಳಗಿನ ಅಕ್ಷರಗಳಲ್ಲಿ ತಯಾರಾಗಿ ಕೂತಿತ್ತು. ಯಾರನ್ನೂ ಏನನ್ನೂ ಕೇಳಬೇಕಾಗಿ ಬರಲಿಲ್ಲ. ಲೆಕ್ಕ ಹಾಕಿ ನೋಡಿದರೆ ಎಷ್ಟೋ ತಿಂಗಳಿಂದ ನಾನು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಜಾಂಬೋಟಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

“ಏನವಾ, ಎಲ್ಲಾ ಆರಾಮ ಐತಿಲ್ಲ?” ಎಂದು ಗಾಬರಿಯಿಂದ ಕೇಳಿದಳು.

“ಆರಾಮ ಐತಿ. ಹಬ್ಬದ ಮಾದಲಿಗೆ ಬೆಲ್ಲ ಎಷ್ಟು ಹಾಕ್ತಿ?”

“ಅಯ್ಯ, ಇಷ್ಟು ವರ್ಷ ಆತು, ನಿನಗ ಗೊತ್ತಿಲ್ಲೇನು?”

“ಇಲ್ಲ,” ಅಂದೆ. “ನೀನ ಹೇಳು.”

ಅಕ್ಕ ಗೋದಿ ಹಸನು ಮಾಡುವುದರಿಂದ ಶುರುಮಾಡಿದಳು.