ಗುನ್‌ವೋರ್ ಕಾಯ್ದಿಟ್ಟ ಬಿಳಿ ಮೂಲೆ

ಟ್ರೋಂಡ್‌ಹೈಮ್‌ನ ನಮ್ಮ ಚಿಪ್ ಕಂಪನಿಯಲ್ಲಿ ಗುನ್‌ವೋರ್ ನನ್ನ ಪಕ್ಕದ ಮೇಜಿನವಳು. ಕೂಡು, ಕಳೆ, ಜಿಗಿ ಎಂದು ಪ್ರೊಸೆಸರ್‌ಗೆ ಕೊಡುವ ಪ್ರತಿ ಆದೇಶಕ್ಕೂ ಸೊನ್ನೆ-ಒಂದುಗಳ ಸಂಕೇತ ಗೊತ್ತುಮಾಡುವುದು ಅವಳ ಕೆಲಸ. ಗೋಡೆಯ ಮೇಲೆ ಅವಳದೊಂದು ದೊಡ್ಡ ನಕ್ಷೆ. ಬಳಸಿದ ಸಂಕೇತಗಳಿಗೆಲ್ಲ ಬಣ್ಣ. ಒಂದು ಮೂಲೆ ಮಾತ್ರ ಬಿಳಿ, ಮುಂದಕ್ಕೆಂದು ಖಾಲಿ ಉಳಿಸಿದ್ದು.

ಆ ಮೂಲೆಯ ಸಂಕೇತ ಬಂದರೆ ಪ್ರೊಸೆಸರ್ ಅಲ್ಲೇ ನಿಂತುಬಿಡಬೇಕು. ನಿಲ್ಲದಿದ್ದರೆ ಯಾರಾದರೂ ಬಳಸಿಕೊಂಡಾರು. ಒಮ್ಮೆ ಗಿರಾಕಿಯ ಪ್ರೋಗ್ರಾಮಿನೊಳಗೆ ಹೋದ ಸಂಕೇತವನ್ನು ವಾಪಸು ಕೇಳುವಂತಿಲ್ಲ. ದೊಡ್ಡ ಮೆಮೊರಿಯನ್ನು ಮುಟ್ಟುವ ಆದೇಶಗಳನ್ನು ಮುಂದಿನ ಚಿಪ್ಪಿನಲ್ಲಿ ಅಲ್ಲಿ ಕೂರಿಸಬೇಕೆಂಬುದು ಅವಳ ಬಹುಕಾಲದ ಆಸೆ. ಅದಕ್ಕಾಗಿ ಒಂದೊಂದು ಸಂಕೇತಕ್ಕೂ ಜಗಳವಾಡುತ್ತಿದ್ದಳು. ಅವಳ ಜೊತೆ ಕೆಲಸ ಮಾಡುವ ಏಲಿಫ್ ಅವಳನ್ನು ಜಿಪುಣಿ ಎಂದು ಛೇಡಿಸುತ್ತಿದ್ದ. ಅವನಿಗೆ ಈ ಕೆಲಸ ಕಲಿಸಿದವಳೂ ಅವಳೇ.

ಹೆರಿಗೆ ರಜೆಗೆ ಹೋಗುವಾಗ ನಕ್ಷೆಯನ್ನು ಅವನಿಗೇ ಒಪ್ಪಿಸಿ, ಬಿಳಿ ಮೂಲೆ ಮುಟ್ಟಬೇಡ ಎಂದಷ್ಟೇ ಹೇಳಿದಳು. ಅವನು ಆಗಾಗ ಅವಳ ಮನೆಗೆ ಹೋಗಿ, ಮಗುವನ್ನು ತೊಡೆಯ ಮೇಲೆ ಆಡಿಸುತ್ತಾ ಕಂದು ಚೀಸಿನ ವಾಫಲ್ ತಿಂದು, ಆಫೀಸಿನಲ್ಲಿ ಎಲ್ಲ ಹಾಗೇ ಇದೆ ಎನ್ನುತ್ತಿದ್ದನಂತೆ.

ರಜೆ ಮುಗಿಸಿ ಬಂದ ವಾರ, ತಾನಿಲ್ಲದಾಗ ತಯಾರಾಗಿದ್ದ ಚಿಪ್ಪನ್ನು ಪರೀಕ್ಷೆಗಿಟ್ಟು, ಬಿಳಿ ಮೂಲೆಯ ಸಂಕೇತವೊಂದನ್ನು ಕೊಟ್ಟಳು. ಚಿಪ್ಪು ನಿಲ್ಲಲಿಲ್ಲ. ಏನೋ ಲೆಕ್ಕ ಮಾಡಿ ಮುಂದೆ ಓಡಿತು. ನಿದ್ದೆಗೆಟ್ಟು ತಾನೇ ತಪ್ಪಾಗಿ ಬರೆದೆನೇನೋ ಎಂದು ನನ್ನನ್ನು ಕರೆದಳು. ನಾನೂ ಆಗಷ್ಟೇ ಅಂಥದೇ ರಜೆಯಿಂದ ಮರಳಿದವಳು. ಶಿಶುವಿಹಾರದ ಬಾಗಿಲಲ್ಲಿ ಮಗು ಅತ್ತದ್ದೇ ಕಿವಿಯಲ್ಲಿತ್ತು. ಹೆತ್ತ ಮೇಲೆ ನಮಗೆ ನಮ್ಮ ಮೇಲೇ ಅನುಮಾನ. ಇನ್ನೊಂದು ಸಂಕೇತ ಕೊಟ್ಟೆವು. ಅದೂ ಓಡಿತು.

ಊಟದ ಮೇಜಿನಲ್ಲಿ ಏಲಿಫ್ ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಿದ್ದ.

"ಬಿಳಿ ಮೂಲೆ ಯಾರಿಗೆ ಕೊಟ್ಟೆ?" ಎಂದಳು ಗುನ್‌ವೋರ್.

ಶ್ರವಣಯಂತ್ರ ಮಾಡುವ ಗಿರಾಕಿಗಳಿಗಂತೆ. ಅವರ ಲೆಕ್ಕ ಬೇಗ ಆಗಬೇಕಿತ್ತಂತೆ. ಚಿಪ್ಪುಗಳು ಆಗಲೇ ಅವರ ಕೈಸೇರಿವೆ, ಪ್ರೋಗ್ರಾಮುಗಳೂ ಬರೆದಾಗಿವೆ.

"ನಂಗೊಂದು ಮಾತು ಹೇಳಬಹುದಿತ್ತಲ್ಲ."

"ನೀನು ಮಗು ಇಟ್ಕೊಂಡು ಒದ್ದಾಡ್ತಿದ್ದೆ ಕಣೇ. ಇದನ್ನೂ ಯಾಕೆ ನಿನ್ ತಲೆಗೆ ಹಾಕ್ಲಿ ಅಂತ."

"ಹೇಳಿದ್ರೆ ನಾನು ಬೇಡ ಅಂತಿದ್ದೆ, ಅದಕ್ಕೇ ನೀನು ಹೇಳ್ಲಿಲ್ಲ. ನನ್ ಮಗೂನೇ ಎತ್ಕೊಂಡು ಕೂತು, ಎಲ್ಲ ಹಾಗೇ ಇದೆ ಅಂದ್ಯಲ್ಲೋ."

ಏಲಿಫ್ ತಿನ್ನದೆ ಬ್ರೆಡ್ಡನ್ನು ಮತ್ತೆ ಕಾಗದದಲ್ಲಿ ಸುತ್ತಿದ.

ಈಗ ಅವಳ ಆದೇಶಗಳಿಗೆ ನಕ್ಷೆಯಲ್ಲಿ ಜಾಗವಿಲ್ಲ. ಎರಡೆರಡು ಸಂಕೇತ ಜೋಡಿಸಿ ಬರೆಯಬೇಕು, ಉದ್ದ, ನಿಧಾನ. ಬಿಳಿ ಮೂಲೆಗೆ ಅವಳೇ ಬಣ್ಣ ಹಚ್ಚಿದಳು. ಏಲಿಫ್ ಸಹಾಯಕ್ಕೆ ಬಂದರೆ ಪೆನ್ನು ಕೊಡಲಿಲ್ಲ.

ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ನಮ್ಮನ್ನೆಲ್ಲ ಕರೆದಳು, ಅವನೊಬ್ಬನನ್ನು ಬಿಟ್ಟು. ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಮಗು ಅಂಬೆಗಾಲಿಕ್ಕಿ ಓಡುತ್ತಿತ್ತು. ಒಳಗೆ ಬಂದವರ ಮುಖ ನೋಡಿ, ಅವನಲ್ಲವೆಂದು ಹಿಂತಿರುಗುತ್ತಿತ್ತು.