ಎಲ್ಲರೂ ಎದ್ದುಹೋದ ಹಾಡು

ಆಗ ನನಗೆ ಅರವತ್ತೆಂಟು. ಈಗ್ಗೆ ಮೂರು ವರ್ಷದ ಮಾತು. ನಾನು ಹರಿಹರದಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುವವಳು. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿಯಿತು. ಪಟ್ಟಿ ಬಿಚ್ಚಿದ ಡಾಕ್ಟರು, "ಎಲುಬು ಕೂಡೈತೆ, ಇನ್ನು ಕೆಲಸ ಮಾಡ್ರಿ" ಅಂದರು. ಆದರೆ ಕೈಗೆ ಅಂಜಿಕೆ ಹೊಕ್ಕಿತ್ತು. ಎರಡು ಏಟು ಬಡಿದು ನಿಂತುಬಿಡುವುದು. ಕೈ ನಿಂತರೆ ರೊಟ್ಟಿ ಅಂಚು ಸೀಳುತ್ತದೆ.

ಸೊಸೆ ರೇಖಾ, "ಅತ್ತೇರೇ, ನೀವಿನ್ನು ಸುಮ್ನೆ ಕೂಡ್ರಿ. ಸೋಮವಾರ ರೊಟ್ಟಿ ಮೆಷಿನ್ ತರಸಾಣ" ಅಂದಳು. ಒಳ್ಳೆಯದಕ್ಕೇ ಹೇಳಿದಳು. ನನಗೆ ಮಾತ್ರ ಉರಿಯಿತು. ಮೂಲೆಯಲ್ಲಿ ಕೂತು ಚಾ ಕುಡಿಯುವುದಕ್ಕೆ ನಾನೇನು ನಮ್ಮ ಮನೆಗೆ ಬಂದ ಬೀಗತಿಯೇ?

ಭಾನುವಾರ ಪಕ್ಕದ ಮನೆ ನೂರ್‌ಜಾನ್, "ಮುಖ ಗಂಟು ಹಾಕ್ಕೊಂಡು ಕುಂತ್ರೆ ಕೈ ಬರಲ್ಲ, ಬಾರೆ" ಅಂತ ದಾವಣಗೆರೆ ಟಾಕೀಸಿಗೆ ಎಳೆದುಕೊಂಡು ಹೋದಳು. ನಗೆ ಸಿನಿಮಾ. ಹೆಣ್ಣು ನೋಡಲು ಹೋದ ಹೀರೋ ಮನೆ ತಪ್ಪಿ ತಿಥಿ ಊಟಕ್ಕೆ ಕೂತಿದ್ದ. ಜನ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಹಾಡು ಬಂತು. ನಗೆ ಸಿನಿಮಾದಲ್ಲಿ ಹಾಡು ಬಂತೆಂದರೆ ನಮ್ಮ ಜನಕ್ಕೆ ಬೀಡಿ, ಬಾತ್ರೂಮು, ಮಂಡಕ್ಕಿ ಮಿರ್ಚಿ. ನೂರ್‌ಜಾನಳೂ ಎದ್ದಳು. ಸಾಲು ದಾಟುವಾಗ ಯಾರಾದರೂ ಕೈಗೆ ತಾಗಿಸಿಯಾರೆಂದು ನಾನು ಏಳಲಿಲ್ಲ.

ಹಾಡಿನ ಮಾತು ಬರೀ ಹುಚ್ಚಾಟ. ಬಡಿತ ಮಾತ್ರ ಎಲ್ಲೂ ನಿಲ್ಲಲಿಲ್ಲ. ಮುಂದಿನ ಸೀಟಿನವನು ತಿರುಗಿ, "ಅಜ್ಜೀ, ತಬಲಾ ಮನೇಲಿ ಬಾರಿಸ್ರಿ!" ಅಂದ. ಆಗಲೇ ನೋಡಿಕೊಂಡೆ. ನನ್ನ ಬಲಗೈ ಅವನ ಸೀಟಿನ ಬೆನ್ನಿಗೆ ಬಡಿಯುತ್ತಿತ್ತು. ರೊಟ್ಟಿ ಬಡಿದ ಹಾಗೇ, ಬಿಡದೆ.

"ಎಲ್ರೂ ಹೊರಗೆ ಹೋದ್ರು, ನೀನ್ಯಾಕ ಕುಂತೀಯಪ್ಪ?" ಅಂದೆ. ಹಾಡು ಮುಗಿಯುವವರೆಗೂ ಬಡಿದೆ.

ಅಳುವ ಹಾಡಾದರೆ ಜನ ಮೂಗು ಒರೆಸಿಕೊಂಡು ಕೂತು ಕೇಳುತ್ತಾರೆ. ನಗೆ ಸಿನಿಮಾದ ಹಾಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಕೈಯ ಅಂಜಿಕೆ ಬಿಡಿಸಿದ್ದು ಅದೇ. ಈಗಲೂ ಹಾಡು ಬಂದರೆ ನಾನು ಏಳುವವಳಲ್ಲ. ಎದ್ದವರನ್ನು ಬೈಯುತ್ತೇನೆ.

ಸಿನಿಮಾ ನೋಡಿದ ಮರುದಿನ, ಸೋಮವಾರ ಬೆಳಗ್ಗೆ ಬಿಸಿನೀರು ಹಾಕಿ ಹಿಟ್ಟು ನಾದಿದೆ. ರೇಖಾಗೆ, "ಮೊಬೈಲಲ್ಲಿ ನಿನ್ನೆ ನೋಡಿದ ಸಿನಿಮಾದ ಹಾಡು ಹಾಕು" ಅಂದೆ.

"ಆ ದರಿದ್ರ ಹಾಡಾ?"

"ಹೂಂ, ಅದೇ. ಜೋರಾಗಿ ಹಾಕು."

ಮೊದಲ ರೊಟ್ಟಿ ಸೀಳಿತು. ಎರಡನೆಯದು ಹೆಂಚಿನ ಮೇಲೆ ಉಬ್ಬಿತು. ರೇಖಾ ಬಾಗಿಲಲ್ಲೇ ನಿಂತು ನೋಡಿದಳು.

"ಮೆಷಿನ್ನಿನವರು ಬಂದ್ರೆ ಏನನ್ಲಿ ಅತ್ತೇರೇ?"

"ಬ್ಯಾಡ ಅನ್ನು. ಹಾಡು ಮುಗೀತು, ಮತ್ತೆ ಹಾಕು" ಅಂದು ಮುಂದಿನ ಉಂಡೆಗೆ ಕೈ ಹಾಕಿದೆ.