ಹಿತ್ತಲಿನಲ್ಲಿ ಸಿಕ್ಕಿಕೊಂಡ ಹರಿಗೋಲು

ಹೊನ್ನಾಳಿಯ ಆ ಮನೆಯಲ್ಲಿ ನನ್ನ ಭಾವ ನನ್ನೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡುವ ವಾಡಿಕೆ ಅವರಲ್ಲಿ ಇರಲಿಲ್ಲ. ಹೇಳುವುದನ್ನು ಅತ್ತೆಗೆ ಹೇಳುತ್ತಿದ್ದರು, ನಾನೂ ಅತ್ತೆಗೇ ಉತ್ತರ ಕೊಡುತ್ತಿದ್ದೆ. ಮೂವರೂ ಒಂದೇ ಪಡಸಾಲೆಯಲ್ಲಿ ಕೂತಿದ್ದರೂ ಹಾಗೆಯೇ. ಜಗಳವೂ ಅದೇ ದಾರಿಯಲ್ಲಿ ನಡೆಯುತ್ತಿತ್ತು.

ನನ್ನ ತಂದೆ ಕಾನ್ವೆಂಟಿನ ತೋಟದ ಮಾಲಿ. ಅದರಿಂದ ನನಗೆ ಅಲ್ಲಿ ಓದು, ಹೊಲಿಗೆ, ದನಿ ಎತ್ತರಿಸದೆ ಮಾತಾಡುವ ರೂಢಿ ಇವೆಲ್ಲ ಸಿಕ್ಕಿದ್ದವು. ಹೊಳೆಯಲ್ಲಿ ಮೀನು ಹಿಡಿಯುವ ಮನೆಗೆ ಸೊಸೆಯಾಗಿ ಬಂದ ಮೇಲೆ ಮೆತ್ತನೆಯ ಆ ದನಿಯೇ ಅತ್ತೆಗೆ ಸೊಕ್ಕಿನಂತೆ ಕಂಡಿತು. "ಪಿಸುಗುಟ್ಟಿ ಬೈತಾಳೆ ನೋಡ್ರಿ" ಎಂದು ಓಣಿಯವರಿಗೆ ಹೇಳುತ್ತಿದ್ದರು.

ನನ್ನ ಗಂಡ ಅಣ್ಣನ ಹರಿಗೋಲಿನಲ್ಲಿ ಹುಟ್ಟು ಹಾಕುತ್ತಿದ್ದರು. ಸಿಕ್ಕ ಮೀನಿನಲ್ಲಿ ಯಾವುದು ನಮ್ಮದು ಎಂದು ತೀರ್ಮಾನಿಸುವವರು ಅಣ್ಣ. ನಮ್ಮ ಬುಟ್ಟಿಗೆ ಬೀಳುತ್ತಿದ್ದದ್ದು ಮುಳ್ಳೇ ಹೆಚ್ಚಿರುವ ಸಣ್ಣ ಮೀನು. ಮನೆ ಪಾಲಾದಾಗ ಅಣ್ಣನಿಗೆ ಪಡಸಾಲೆ ಮತ್ತು ದೊಡ್ಡ ತಲೆಬಾಗಿಲು ಹೋಯಿತು. ನಮಗೆ ಹಿತ್ತಲು, ಹಿತ್ತಲಿನ ಕಡೆ ಗೋಡೆಯಿಲ್ಲದ ಅಡುಗೆಮನೆ, ಅಡುಗೆಮನೆಯಿಂದ ಓಣಿಗೆ ತೆರೆಯುವ ಒಂದು ಕುಳ್ಳ ಬಾಗಿಲು. "ತಲೆಬಾಗಿಲ ದಾರಿ ಎಲ್ಲರಿಗೂ ಐತೆ" ಎಂದು ಭಾವ ಹಿರಿಯರ ಮುಂದೆ ಹೇಳಿದ್ದರು.

ಆಮೇಲೆ ನನ್ನ ಗಂಡ ತಮ್ಮದೇ ಒಂದು ಹರಿಗೋಲು ಕಟ್ಟತೊಡಗಿದರು. ಯುದ್ಧದ ಕಾಲ, ಹರಿಗೋಲಿನ ಬಟ್ಟೆಗೆ ಬಳಿಯುವ ಟಾರು ಕಣ್ಣಿಗೂ ಸಿಗುತ್ತಿರಲಿಲ್ಲ, ಹಾಗಾಗಿ ಎಮ್ಮೆಯ ಹಸಿ ಚರ್ಮವೇ ಗತಿ. ಹೊಳೆದಂಡೆಯಲ್ಲಿ ಕಟ್ಟಿದರೆ ನಾಯಿ, ಕಾಗೆ ಬಿಡುವುದಿಲ್ಲವೆಂದು ಆ ಮನೆಯಲ್ಲಿ ಹರಿಗೋಲಿಗೆ ಚರ್ಮ ಹೊದಿಸುತ್ತಿದ್ದದ್ದು ಯಾವತ್ತೂ ಹಿತ್ತಲಿನಲ್ಲಿ. ಸಿದ್ಧವಾದದ್ದು ಪಡಸಾಲೆ ಹಾದು ತಲೆಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಹಿಂದಿನಿಂದ ಹಾಗೇ ನಡೆದು ಬಂದದ್ದರಿಂದ ಕುಳ್ಳ ಬಾಗಿಲನ್ನು ಅಳೆಯುವ ಯೋಚನೆ ಯಾರಿಗೂ ಬರಲಿಲ್ಲ.

ಬಿದಿರು ದಬ್ಬೆ ಹೆಣೆದಾಯಿತು. ನೆನೆಸಿದ ಚರ್ಮ ಎಳೆದು, ಬಾಯಿಯ ಸುತ್ತ ಚರ್ಮದ ದಾರದಲ್ಲೇ ಬಿಗಿದದ್ದಾಯಿತು. ಭಾವ ದಿನಾ ಪಡಸಾಲೆಯಿಂದ ಹಿತ್ತಲಿಗೆ ತೆರೆಯುವ ಬಾಗಿಲಲ್ಲಿ ನಿಂತು ಎಲೆಅಡಿಕೆ ಮೆಲ್ಲುತ್ತ ನೋಡುತ್ತಿದ್ದರು. ಕೊನೆಯ ಗಂಟು ಬಿಗಿದ ಮೇಲೆ ಬಾಯಿ ಬಿಟ್ಟರು.

"ಅವ್ವಾ, ಅದನ್ನ ಎಲ್ಲಿಂದ ಒಯ್ಯಾಕೆ ಹೊಂಟಾನೆ ಕೇಳು."

"ಎಲ್ಲಿಂದ ಅಂದ್ರೆ? ತಲೆಬಾಗಿಲಿಂದ" ಎಂದರು ನನ್ನ ಗಂಡ.

"ದಾರಿ ಐತೆ ಅಂದಿದ್ದು ಮನುಷ್ಯರಿಗೆ. ಹರಿಗೋಲಿಗೆ ಅಂದಿದ್ನೇನಲೇ?"

"ಅಣ್ಣಾ, ಹಿಂಗೆಲ್ಲ ಮಾಡಬ್ಯಾಡ."

"ನನ್ನ ಹರಿಗೋಲಿಗೆ ಬಾ, ಹುಟ್ಟು ಹಾಕು. ಅದರಾಗೆ ಕೋಳಿ ಸಾಕಿಕೋ."

ಹಿತ್ತಲಿನ ಉಳಿದ ಮೂರು ಕಡೆಗೂ ಪಕ್ಕದ ಮನೆಗಳ ಎತ್ತರದ ಗೋಡೆ. ಕುಳ್ಳ ಬಾಗಿಲಲ್ಲಿ ಹರಿಗೋಲನ್ನು ಅಡ್ಡ ಮಾಡಿ ನೋಡಿದೆವು, ನಿಲ್ಲಿಸಿ ನೋಡಿದೆವು. ಬಾಗಿಲು ನನ್ನ ಭುಜದೆತ್ತರ. ಹರಿಗೋಲು ನಿಲ್ಲಿಸಿದರೆ ನನ್ನ ತಲೆಗಿಂತ ಮೇಲೆ.

ಬಿಸಿಲು ಏರುತ್ತಿತ್ತು. ಹಸಿ ಚರ್ಮ ನೀರು ಕಾಣದೆ ಒಣಗಿದರೆ ಬಿಗಿದುಕೊಂಡು ಬಿದಿರನ್ನೇ ಮುರಿಯುತ್ತದೆ. ನೀರು ಹೆಚ್ಚಾದರೆ ಕೊಳೆಯುತ್ತದೆ. ಹೊಳೆಯಿಂದ ನೀರು ಹೊತ್ತು ತಂದು, ಗೋಣಿತಾಟು ನೆನೆಸಿ, ಅದರ ಮೇಲೆ ಹೊದಿಸುತ್ತಿದ್ದೆ. ನಾತ ಅನ್ನಕ್ಕೂ ಹತ್ತಿತು, ಒಗೆದ ಸೀರೆಗೂ ಹತ್ತಿತು. ಅತ್ತೆ ಪಡಸಾಲೆಯಿಂದಲೇ ಕೂಗುತ್ತಿದ್ದರು, "ಕಾನ್ವೆಂಟಿನಾಗೆ ಇಂಥ ಅತ್ತರು ಹಚ್ತಿದ್ರೇನೇ?"

ಸಂಜೆಯಾದರೆ ಭಾವ ಹಿತ್ತಲಿನ ಬಾಗಿಲು ತೆರೆದಿಟ್ಟು ತಮ್ಮ ನಾಯಿಯನ್ನು ಬಿಡುತ್ತಿದ್ದರು. ಅದು ನೇರ ಬಂದು ಚರ್ಮದ ಅಂಚಿಗೆ ಬಾಯಿ ಹಾಕುತ್ತಿತ್ತು. ಒಂದು ಸಂಜೆ ನಾನು ನೀರು ತರುವಷ್ಟರಲ್ಲಿ ಎರಡು ಗಂಟು ಕಚ್ಚಿ ಬಿಚ್ಚಿತ್ತು. ಬಾಗಿಲ ಆಚೆ ಭಾವ ನಾಯಿಯನ್ನು ಗದರಲಿಲ್ಲ, ಶಿಳ್ಳೆ ಹಾಕುತ್ತಿದ್ದರು. ಸಂತೋಷದ ಶಿಳ್ಳೆ.

ಮರುದಿನ ಬೆಳಿಗ್ಗೆ ಆ ಗಂಟುಗಳನ್ನು ಮತ್ತೆ ಬಿಗಿದು ಚರ್ಮಕ್ಕೆ ಕೈಯಿಟ್ಟೆ. ನಡುವೆ ತಮಟೆಯಂತೆ ಬಿಗಿದಿತ್ತು. ಒಳಗೆ ಒಂದು ದಬ್ಬೆ ಕೂದಲೆಳೆಯಷ್ಟು ಸೀಳಿತ್ತು. ನನ್ನ ಗಂಡ ಹಿತ್ತಲಿನ ಕಟ್ಟೆಯ ಮೇಲೆ ಕೂತು, "ಇವತ್ತು ಅಣ್ಣನ ಸಂಗಡ ಹೋಗ್ತೀನಿ ಬಿಡು" ಎಂದರು.

ನಾನು ಒಳಗೆ ಹೋಗಿ ಒಲೆಯ ಬೂದಿ ತೋಡಿದೆ. ಮಡಕೆಗಳನ್ನು ಹೊರಗಿಟ್ಟೆ. ಕುಳ್ಳ ಬಾಗಿಲಿನ ಪಕ್ಕದ ಗೋಡೆ ನಮ್ಮ ಪಾಲಿನದು, ಮಣ್ಣಿನದು, ಅದಕ್ಕೆ ಅಂಟಿಕೊಂಡೇ ನನ್ನ ಒಲೆ. ಮೂಲೆಯಲ್ಲಿದ್ದ ಹಾರೆ ತಗೊಂಡು ಬಾಗಿಲ ಚೌಕಟ್ಟಿನ ಪಕ್ಕದ ಗೋಡೆಗೆ ಹೊಡೆದೆ.

ನನ್ನ ಗಂಡ ಓಡಿ ಬಂದರು. "ಒಲೆ ಹೋಗ್ತೈತಲ್ಲೇ!"

"ಹೋಗಲಿ. ಮೂರು ಕಲ್ಲಿಟ್ಟು ಬೇಯಿಸ್ತೀನಿ. ನೀವು ಮೇಲಿನ ತೊಲೆಗೆ ಆನಿಕೆ ಕೊಡ್ರಿ."

ಮಧ್ಯಾಹ್ನದ ಹೊತ್ತಿಗೆ ಚೌಕಟ್ಟೂ ಇಲ್ಲ, ಒಲೆಯೂ ಇಲ್ಲ. ನನ್ನ ಗಂಡ ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು, ಆಮೆಯ ಹಾಗೆ ಓಣಿಗಿಳಿದರು. ನಾನು ಹುಟ್ಟು, ಬಲೆ ಹಿಡಿದು ಹಿಂದೆ. ಹೊಳೆಗೆ ಹೋಗುವ ದಾರಿ ತಲೆಬಾಗಿಲಿನ ಮುಂದೆಯೇ. ಹೊಸ ಹರಿಗೋಲಿಗೆ ಹಿರಿಯ ಸೊಸೆ ಆರತಿ ಎತ್ತಬೇಕು. ನನ್ನ ವಾರಗಿತ್ತಿ ಕಿಟಕಿಯ ಹಿಂದೆ ನಿಂತಿದ್ದಳು, ಕೈಯಲ್ಲಿ ಮೊರ ಇತ್ತು. ಹೊರಗೆ ಬರಲಿಲ್ಲ.

ಭಾವ ಹೊಸ್ತಿಲ ಮೇಲಿದ್ದರು. "ಅವ್ವಾ, ಒಲೆ ಕೆಡವಿದ ಮನೆ ಉದ್ಧಾರ ಆಗಲ್ಲ ಅಂತ ಆಕೆಗೆ ಹೇಳು" ಎಂದರು. ಅತ್ತೆ ಅಲ್ಲಿರಲಿಲ್ಲ. ನಮ್ಮಿಬ್ಬರ ನಡುವೆ ಯಾರೂ ಇರಲಿಲ್ಲ.

ನಾನು ಸೆರಗು ಸರಿಮಾಡಿಕೊಂಡು, ಅವರ ಮುಖ ನೋಡಿ, ಕಾನ್ವೆಂಟಿನಲ್ಲಿ ಕಲಿತ ದನಿಯಲ್ಲೇ ಹೇಳಿದೆ: "ಭಾವಾರೆ, ಚರ್ಮ ಹೊಳಿಗೆ ಹೋಗ್ತೈತೆ. ಇವತ್ತಿನಿಂದ ನಿಮ್ಮ ನಾಯಿಗೆ ನೀವೇ ಕೂಳು ಹಾಕ್ರಿ."

ಹುಟ್ಟು, ಬಲೆ ಹೆಗಲಿಗೇರಿಸಿಕೊಂಡು ನನ್ನ ಗಂಡನ ಹಿಂದೆ ಹೊಳೆಗಿಳಿದೆ.

ನೀರು ತಾಗಿದ ಚರ್ಮ ಸಡಿಲವಾಯಿತು. ಸೀಳು ಹೆಚ್ಚಲಿಲ್ಲ. ಸಂಜೆ ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು, ಆ ಮನೆಯಲ್ಲಿ ಮೊದಲ ಸಲ ನಾವೇ ಆರಿಸಿಕೊಂಡ ದಪ್ಪ ಬಾಳೆಮೀನು ಬೇಯಿಸಿದೆ. ವಾಸನೆ ಪಡಸಾಲೆಗೆ ಹೋಗಿರಬೇಕು. ಹಿತ್ತಲಿನ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಅದರ ಆಚೆಯಿಂದ ಅತ್ತೆಯ ದನಿ:

"ಹುಳಿ ಜಾಸ್ತಿ ಮಾಡ್ಯಾಳೆ. ವಾಸನೆಗೇ ತಿಳೀತೈತೆ."